ಕೊನೆ ಮೆಟ್ಟಿಲು ನಂಬಬೇಡಿ

ಪುಟ್ಟಿ, ಅಮ್ಮ ಮಹಡಿ ಮೆಟ್ಟಿಲಲ್ಲಿ ಜಾರಿದರು, ಏಟೇನೂ ಆಗಿಲ್ಲ, ಆದರೂ ಭಯ ಆಗುತ್ತಿದೆ, ಏನು ಮಾಡೋದು ಅತ್ತೆ ಅಂತ ಗ್ರೂಪಲ್ಲಿ ವಾಯ್ಸ್ ಮೆಸೇಜ್ ಹಾಕಿದ್ದೀಯಲ್ಲ, ಈಗ ಕೇಳಿಸಿಕೊಂಡೆ. ಏಟಾಗಿಲ್ಲ ಅಂತ ಸುಮ್ಮನಾಗಬೇಡಮ್ಮ. ಚಿಂತಾಮಣಿ ಮನೆಯಲ್ಲಿ ದೊಡ್ಡಕ್ಕ ಬಿದ್ದಿದ್ದು ನಿಮಗೆಲ್ಲ ಗೊತ್ತು. ಯಾಕೆ ಬಿದ್ದಳು ಅಂತ ಮಾತ್ರ ಯಾರೂ ಕೇಳಲಿಲ್ಲ.

ಮಗನ ಮದುವೆಗೆ ಅಂತ ನಡುಮನೆಯಲ್ಲಿ ಹಳೆ ನೆಲದ ಮೇಲೇ ಗ್ರಾನೈಟ್ ಹಾಕಿಸಿದರು. ನೆಲ ಎರಡು ಇಂಚು ಮೇಲೆ ಬಂತು, ಮೆಟ್ಟಿಲು ಇದ್ದಲ್ಲೇ ಇತ್ತು. ಅಲ್ಲಿಗೆ ಕೊನೆ ಮೆಟ್ಟಿಲೊಂದು ಗಿಡ್ಡ ಆಯಿತು. ಮೇಸ್ತ್ರಿ ‘ನಡೆಯುತ್ತೆ ಬಿಡಿ’ ಅಂದ. ಕಣ್ಣಿಗೆ ಗೊತ್ತಾಗಲ್ಲ, ಆದರೆ ಕಾಲಿಗೆ ಒಂದು ಲೆಕ್ಕ ಇರುತ್ತೆ ಅಲ್ವಾ? ಮೇಲಿನ ಮೆಟ್ಟಿಲೆಲ್ಲ ಎಷ್ಟು ಆಳವೋ ಕೊನೆಯದೂ ಅಷ್ಟೇ ಅಂತ ಇಳಿಯುತ್ತೆ. ಅಕ್ಕ ತಾರಸಿಯಿಂದ ಸಂಡಿಗೆ ಮೊರ ಎರಡೂ ಕೈಯಲ್ಲಿ ಹಿಡಿದು ಬರುತ್ತಿದ್ದಳು. ಮೊರ ಅಡ್ಡ, ಕಾಲ ಕೆಳಗೆ ಕಾಣಿಸಲಿಲ್ಲ. ನೆಲ ಮುಂಚೆಯೇ ಸಿಕ್ಕಿ ಮುಗ್ಗರಿಸಿದಳು. ಸೊಂಟದ ಮೂಳೆ ಮುರಿಯಿತು. ಆಪರೇಷನ್ ಆಯಿತು, ವಾಕರ್ ಬಂತು. ಆಮೇಲೆ ಅವಳು ತಾರಸಿ ಹತ್ತಲೇ ಇಲ್ಲ.

ಕೊನೆ ಮೆಟ್ಟಿಲು ನಂಬಬೇಡಿ. ಎರಡೂ ಕೈ ತುಂಬ ಸಾಮಾನು ಹಿಡಿದು ಇಳಿಯಬೇಡಿ. ಅತ್ತಿಗೆ, ನೀವು ಒಗೆದ ಬಟ್ಟೆ ಬಕೆಟ್ ಎತ್ತಿಕೊಂಡು ಓಡಾಡೋದು ನಾನು ನೋಡಿದ್ದೀನಿ. ಮತ್ತೆ ಹೇಳ್ತೀನಿ, ಕೊನೆ ಮೆಟ್ಟಿಲು ನಂಬಬೇಡಿ.

ಮೆಟ್ಟಿಲ ಪಕ್ಕ ಹಿಡಿದುಕೊಳ್ಳೋಕೆ ಕೈಪಿಡಿ ಹಾಕಿಸಿ ಅಂತ ಅಕ್ಕ ಆಗಲೇ ಕೇಳಿದ್ದಳು. ನಡುಮನೆ ಅಂದ ಕೆಡುತ್ತೆ ಅಂದರು. ಗ್ರಾನೈಟ್ ಹೊಗಳಿದವರೆಲ್ಲ ಆಸ್ಪತ್ರೆಗೆ ಒಂದು ಸಲ ಬಂದು ಸೇಬು ಇಟ್ಟು ಹೋದರು. ರಾತ್ರಿ ಪಕ್ಕದಲ್ಲಿ ಕೂತವರು ಯಾರು? ಈಗಲೂ ಈ ಗ್ರೂಪಿಗೆ ದಿನಾ ಗುಲಾಬಿ ಹೂವು ಬರುತ್ತೆ. ಅವಳಿಗೆ ಒಂದು ಫೋನ್ ಹೋಗಲ್ಲ. ನನಗೆ ತುಂಬಾ ಬೇಜಾರಿದೆ.

ಇರಲಿ, ನೀನು ಕೇಳಿದ್ದು ಏನು ಮಾಡೋದು ಅಂತ. ಟೇಪ್ ಹಿಡಿದು ಒಂದೊಂದು ಮೆಟ್ಟಿಲೂ ಅಳೆ. ಮನೆ ಮೆಟ್ಟಿಲ ಎತ್ತರ 19 ಸೆಂ.ಮೀ. ಮೀರಬಾರದು, ಕಾಲಿಡುವ ಜಾಗ 25 ಸೆಂ.ಮೀ. ಆದರೂ ಇರಬೇಕು. ಅದಕ್ಕಿಂತ ಮುಖ್ಯ, ಎಲ್ಲಾ ಒಂದೇ ಸಮ ಇರಬೇಕು. ಬೇರೆಯಾಗಿರುವ ಮೆಟ್ಟಿಲು ಸರಿ ಮಾಡಿಸುವವರೆಗೂ ಅದರ ಅಂಚಿಗೆ ಹಳದಿ ಪೇಂಟ್ ಬಳಿ. ಕೈಪಿಡಿ ಈ ವಾರವೇ ಹಾಕಿಸು, ಮೇಲಿನಿಂದ ಕೆಳಗಿನವರೆಗೂ. ಮೆಟ್ಟಿಲ ದೀಪಕ್ಕೆ ಮೇಲೊಂದು ಕೆಳಗೊಂದು ಟೂ ವೇ ಸ್ವಿಚ್ ಇರಲಿ, ಎರಡು ಕಡೆಯಿಂದಲೂ ಹಾಕಿ ಆರಿಸೋಕೆ. ಅಮ್ಮನ ಕನ್ನಡಕದ ಕೆಳಭಾಗ ಓದೋಕೆ ಇರೋದು, ಅದರಲ್ಲಿ ಮೆಟ್ಟಿಲು ಮಸುಕಾಗುತ್ತೆ. ಇಳಿಯುವಾಗ ತಲೆ ಬಗ್ಗಿಸಿ ಮೇಲ್ಭಾಗದಿಂದ ನೋಡಲಿ. ಅವರು ಜಾರಿದರಾ, ಇಲ್ಲ ತಲೆ ಸುತ್ತಿತಾ ಅಂತ ಸರಿಯಾಗಿ ಕೇಳು. ಸುತ್ತಿದ್ದರೆ ಬಿಪಿ ಮಾತ್ರೆ ಚೀಟಿ ತಗೊಂಡು ನಾಳೆಯೇ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗು.