ಸೈಟಿನ ದುಡ್ಡು ಮತ್ತು ಇಂಗ್ಲೆಂಡಿನ ರೆಡಿಂಗ್ ಊರಲ್ಲಿರುವ ಅಕ್ಕನ ಮನೆ

ಅಣ್ಣ: ಪುಟ್ಟೀ, ಮೈಸೂರು ಸೈಟ್ ಮಾರಿದ ದುಡ್ಡಲ್ಲಿ ನಿನ್ನ ಪಾಲನ್ನು ಇಂಗ್ಲೆಂಡಿಗೆ ಕಳಿಸುವುದು ನನಗೆ ಸರಿ ಕಾಣುತ್ತಿಲ್ಲ. ಮನೆ ಕೊಳ್ಳಲು ಅಲ್ಲಿನ ಸರ್ಕಾರ ಕೊಟ್ಟ ನಿನ್ನ ಹೆಲ್ಪ್ ಟು ಬೈ ಸಾಲಕ್ಕೆ ಬಡ್ಡಿ ಶುರುವಾಗಿದ್ದೇ 1.75%ಗೆ. ಇಲ್ಲಿ ಎಫ್‌ಡಿಯಲ್ಲೇ ಅದಕ್ಕಿಂತ ಜಾಸ್ತಿ ಬರುತ್ತದೆ. ಮೂವರ ಪಾಲೂ ಸೇರಿಸಿ ಒಂದು ಫ್ಲ್ಯಾಟ್ ತಗೊಳ್ಳೋಣ.

ಅಕ್ಕ: ಅಣ್ಣ, ಅದು ಬ್ಯಾಂಕ್ ಸಾಲದ ಥರ ಅಲ್ಲ. 2018ರಲ್ಲಿ ಮನೆಗೆ 3 ಲಕ್ಷ ಪೌಂಡ್. ಅದರಲ್ಲಿ 20%, ಅಂದರೆ 60 ಸಾವಿರ, ಸರ್ಕಾರದ್ದು. ವಾಪಸ್ ಕೊಡಬೇಕಾದ್ದು ಆ 60 ಸಾವಿರ ಅಲ್ಲ, ತೀರಿಸುವ ದಿನದ ಬೆಲೆಯಲ್ಲಿ 20%. ಈಗ 3.6 ಲಕ್ಷ ಬೆಲೆ ಕಟ್ಟಿದರೆ 72 ಸಾವಿರ. ಜಮೀನು ಪಾಲಿಗೆ ಮಾಡಿದ ಹಾಗೆ, ಬೆಳೆ ಜಾಸ್ತಿ ಬಂದರೆ ಒಡೆಯನ ಪಾಲೂ ಜಾಸ್ತಿ.

ನಾನು: ಕಟ್ಟಿದ ಬಡ್ಡಿ ಅಸಲಿಗೆ ಜಮಾ ಆಗಲ್ವಾ?

ಅಕ್ಕ: ಒಂದು ಪೆನ್ನಿಯೂ ಇಲ್ಲ. ಮೊದಲ ಐದು ವರ್ಷ ಬಡ್ಡಿ ಇರಲಿಲ್ಲ. 2023ರಿಂದ ಕಟ್ಟುತ್ತಿದ್ದೇವೆ, ಅಸಲು ಹಾಗೇ ಇದೆ.

ನಾನು: ಬಡ್ಡಿ ವರ್ಷ ವರ್ಷ ಆರ್‌ಪಿಐ, ಅಂದರೆ ಅಲ್ಲಿನ ಬೆಲೆ ಏರಿಕೆ ದರ, ಅದರ ಜೊತೆ ಇನ್ನೂ 1% ಸೇರಿಸಿ ಏರುತ್ತದಂತೆ. ಆರ್‌ಪಿಐ 4% ಇದ್ದರೆ ಬಡ್ಡಿ 6.75% ಆಯ್ತಲ್ಲ!

ಭಾವ: ಇಲ್ಲಪ್ಪ. 1.75ರ ಮೇಲೆ ನೂರಕ್ಕೆ ಐದರಂತೆ ಏರಿ 1.84% ಆಗುತ್ತದೆ. ಅದೂ ಮೂಲ 60 ಸಾವಿರಕ್ಕೆ ಮಾತ್ರ. ನಮಗೆ ಭಾರ ಬಡ್ಡಿಯಲ್ಲ, ಮನೆ ಬೆಲೆ ಏರುವುದು.

ಅಣ್ಣ: ಬೆಲೆ ಇಳಿದರೆ ಕಡಿಮೆ ಕೊಟ್ಟರಾಯ್ತು. ಸ್ವಲ್ಪ ಕಾಯಿರಿ.

ಅಕ್ಕ: ಇಳಿದರೆ ನಮ್ಮ 80% ಕೂಡ ಇಳಿಯುತ್ತದೆ, ಅಲ್ವಾ? ಇನ್ನು ನಿನ್ನ ಎಫ್‌ಡಿ ರೂಪಾಯಿಯಲ್ಲಿ, ನನ್ನ ಸಾಲ ಪೌಂಡಿನಲ್ಲಿ. ಮನೆ ತಗೊಂಡಾಗ ಪೌಂಡಿಗೆ 90 ರೂಪಾಯಿ ಆಸುಪಾಸು ಇತ್ತು, ಈಗ 100 ದಾಟಿದೆ. ಮಕ್ಕಳು ದೊಡ್ಡವರಾಗುತ್ತಿದ್ದಾರೆ. ಈ ಮನೆ ಮಾರಿದ ದಿನ ಸಾಲ ಪೂರ್ತಿ ತೀರಿಸಲೇಬೇಕು.

ಅಣ್ಣ: ಅಪ್ಪ ಆ ಸೈಟ್ ತಗೊಂಡಿದ್ದು ನಾವು ಮೂವರೂ ಒಂದೇ ಊರಲ್ಲಿ ಇರಲಿ ಅಂತ. ಅದಕ್ಕೇ ಹೇಳಿದೆ.

ಅಕ್ಕ: ಗೊತ್ತು ಅಣ್ಣ. ನಾನೂ ಸುಮ್ನೆ ಖರ್ಚು ಮಾಡೋಕೆ ಕೇಳುತ್ತಿಲ್ಲ. ನನ್ನ ಮಕ್ಕಳ ತಲೆ ಮೇಲಿನ ಸೂರಿಗೇ ಕೇಳುತ್ತಿದ್ದೇನೆ.

ಭಾವ: ಅರ್ಧ ತೀರಿಸೋಣ. ಒಂದು ಸಲಕ್ಕೆ ಕನಿಷ್ಠ ಮನೆ ಬೆಲೆಯ 10% ಕಟ್ಟಬೇಕು, ಅಂದರೆ 36 ಸಾವಿರ. ಆಮೇಲೆ ಬಡ್ಡಿಯೂ ಅರ್ಧ. ಉಳಿದರ್ಧಕ್ಕೆ ಮಾರ್ಟ್‌ಗೇಜ್, ಅಂದರೆ ಬ್ಯಾಂಕಿನ ಮನೆ ಸಾಲ, ಹೆಚ್ಚಿಸುವುದು ಬೇಡ. 4.5%ಗೆ ಹೊಸ ಸಾಲ ತಂದು ಇದನ್ನು ತೀರಿಸಿದರೆ, ಬೆಲೆ ವರ್ಷಕ್ಕೆ ಸುಮಾರು 3% ಏರಿದರೆ ಮಾತ್ರ ಸರಿಹೋಗುತ್ತದೆ.

ಅಣ್ಣ: ಅರ್ಧಕ್ಕೆ ಒಪ್ಪಿದೆ. ಉಳಿದ ದುಡ್ಡು ಫ್ಲ್ಯಾಟಿಗೆ.

ಅಕ್ಕ: ಫ್ಲ್ಯಾಟಿಗೆ ಇನ್ನೂ ಹೂಂ ಅಂದಿಲ್ಲ. ಸದ್ಯಕ್ಕೆ ಅದು ಅಲ್ಲಿನ ನನ್ನ ಎನ್‌ಆರ್‌ಒ ಖಾತೆಯಲ್ಲೇ (ಅನಿವಾಸಿಗಳ ರೂಪಾಯಿ ಖಾತೆ) ಇರಲಿ.

ಭಾವ: ಸರ್ವೇಯರ್ ಕೊಡುವ ಬೆಲೆಯ ವರದಿ ಮೂರು ತಿಂಗಳಷ್ಟೇ ನಡೆಯುತ್ತದೆ. ದುಡ್ಡು ಇಲ್ಲಿಗೆ ಬರುವ ದಿನ ಗೊತ್ತಾಗದೆ ಅವರನ್ನು ಕರೆಸಲ್ಲ.

ನಾನು: ದುಡ್ಡು ಹೊರದೇಶಕ್ಕೆ ಕಳಿಸಲು ಬೇಕಾದ ಸಿಎ (ಲೆಕ್ಕಪರಿಶೋಧಕರ) ಸರ್ಟಿಫಿಕೇಟ್ ಕೆಲಸ ನಾನು ನೋಡ್ತೀನಿ. ಅಕ್ಕ, ಪ್ಯಾನ್ ಕಾರ್ಡ್ ಫೋಟೋ ನನಗೊಬ್ಬನಿಗೇ ಕಳಿಸು, ಗುಂಪಿಗೆ ಹಾಕಬೇಡ.