ಬಿಇ ಮೊದಲ ವರ್ಷದ ಎರಡು ಬ್ಯಾಕ್ ಉಳಿದಿವೆ, ಓದಲು ಮನಸ್ಸೇ ಬರುತ್ತಿಲ್ಲ. ದಾಟಿದವರು ಹೇಳಿ

ಸಿವಿಲ್ ಹುಡುಗಿ: ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ), ಸಿವಿಲ್ ಎಂಜಿನಿಯರಿಂಗ್, ಮೂರನೇ ಸೆಮ್. ಹತ್ತನೇ ತನಕ ಕನ್ನಡ ಮಾಧ್ಯಮ. ಮೊದಲ ವರ್ಷದ ಗಣಿತ, ಎಲೆಕ್ಟ್ರಿಕಲ್ ಎರಡೂ ಪಾಸಾಗದೆ ಬಾಕಿ ಇವೆ. ಪುಸ್ತಕ ತೆರೆದರೆ ಒಂದೇ ಪುಟ ನೋಡುತ್ತಾ ಕೂರುತ್ತೇನೆ. ಅಪ್ಪನಿಗೆ ಇನ್ನೂ ಹೇಳಿಲ್ಲ. ಹಟ ಹಿಡಿದು ಮುಗಿಸಿದವರು ದಿನ ಹೇಗೆ ತಳ್ಳಿದಿರಿ?

ಆರು ವರ್ಷದ ಬಿಇ: ನಾನು 2012ರಲ್ಲಿ ಸೇರಿದ್ದು, ಮೆಕ್ಯಾನಿಕಲ್. ನಾಲ್ಕು ವರ್ಷದ್ದನ್ನು ಆರು ವರ್ಷಕ್ಕೆ ಮುಗಿಸಿದೆ. ಹೇಳಿಕೊಳ್ಳಲು ನಾಚಿಕೆ ಇಲ್ಲ, ಹೆಮ್ಮೆ ಇದೆ. ಆಗ 100ಕ್ಕೆ 35 ಬೇಕಿತ್ತು. ಎಂ-1ರಲ್ಲಿ, ಅಂದರೆ ಮೊದಲ ಸೆಮ್ ಗಣಿತದಲ್ಲಿ, ನನಗೆ ಬಂದಿದ್ದು 19, 28, 33, 34. ಐದನೇ ಸಲ 52. ಆ 34 ಬಂದಾಗ ರೀವ್ಯಾಲ್ಯುಯೇಷನ್ ಹಾಕಿದೆ, 34 ಹಾಗೇ ಉಳಿಯಿತು. ಅದಕ್ಕೆ ಕಟ್ಟಿದ ದುಡ್ಡು ಅಮ್ಮ ಸ್ತ್ರೀಶಕ್ತಿ ಸಂಘದಲ್ಲಿ ಸಾಲ ಎತ್ತಿ ಕೊಟ್ಟಿದ್ದು. ನಾಲ್ಕಕ್ಕಿಂತ ಜಾಸ್ತಿ ಬ್ಯಾಕ್ ಇದ್ದರೆ ಮುಂದಿನ ವರ್ಷಕ್ಕೆ ಬಿಡುತ್ತಿರಲಿಲ್ಲ. ನನಗೆ ಐದಾಯಿತು, ಇಯರ್ ಬ್ಯಾಕ್. ಕೋರ್ಸ್ ಮುಗಿಸಲು ಎಂಟು ವರ್ಷದ ಗಡುವು ಬೇರೆ.

ಆ ವರ್ಷ ರೂಮಿಗೆ 1,800, ಮೆಸ್ಸಿಗೆ 2,200. ಸಂಜೆ ಝೆರಾಕ್ಸ್ ಅಂಗಡಿಯಲ್ಲಿ 3,000ಕ್ಕೆ ನಿಂತೆ. ಉಳಿದ ಸಾವಿರ ಮನೆಯಿಂದ. ಅಂಗಡಿಯಲ್ಲಿ ಮಸಿ ಹರಡಿ ಕೆಟ್ಟ ಹಾಳೆಗಳನ್ನು ಕ್ಲಿಪ್ ಹಾಕಿ ಇಟ್ಟುಕೊಂಡಿದ್ದೆ. ಅದರ ಹಿಂಬದಿಯಲ್ಲಿ ಲೈಬ್ನಿಟ್ಸ್ ಪ್ರಮೇಯದ ಲೆಕ್ಕ. ದಿನಕ್ಕೆ ಮೂರೇ ಲೆಕ್ಕ, ಆದರೆ ಪುಸ್ತಕ ಮುಚ್ಚಿ. ಮೂರು ಆಗದೆ ಶಟರ್ ಎಳೆಯುತ್ತಿರಲಿಲ್ಲ. ಮನಸ್ಸು ಬರಲಿ ಅಂತ ಒಂದು ದಿನವೂ ಕಾಯಲಿಲ್ಲ.

ಗಣಿತದ ಟೀಚರ್: ನಾನು ನಾಲ್ಕನೇ ಸೆಮ್‌ನಲ್ಲಿ ಬಿಟ್ಟೆ. ಬಿ.ಎಸ್‌ಸಿ., ಬಿ.ಎಡ್. ಮಾಡಿ ಈಗ ಹೈಸ್ಕೂಲಿನಲ್ಲಿ ಪಾಠ ಮಾಡುತ್ತಿದ್ದೇನೆ. ಬಿಡುವುದು ಸುಲಭ ಅಂದುಕೊಂಡವರಿಗೆ ಹೇಳುತ್ತೇನೆ, ಕೇಳಿ. ನನ್ನ ಪಿಯುಸಿ ಅಂಕಪಟ್ಟಿ ವಾಪಸ್ ಕೊಡಲು ಕಾಲೇಜಿನವರು ಉಳಿದ ಎರಡು ವರ್ಷದ ಫೀಸ್ ಕೇಳಿದರು. 11 ಸಲ ಹೋದೆ. ಬಸ್ಸಿಗೆ ಹೋಗಿ ಬರಲು 84 ರೂಪಾಯಿ. ಒಂಬತ್ತನೇ ಸಲ ಅಪ್ಪ ಜೊತೆಗೆ ಬಂದರು. ಕಚೇರಿ ಹೊರಗೆ ಬೆಂಚಿನ ಮೇಲೆ ಟವಲ್ ಮಡಚಿ ಹಿಡಿದು ಎರಡು ಗಂಟೆ ಕೂತಿದ್ದರು. ನೀರು ಬೇಕಾ ಅಂತ ಒಬ್ಬರೂ ಕೇಳಲಿಲ್ಲ. ಕೊನೆಗೆ 20,000 ಕಟ್ಟಿಸಿಕೊಂಡು ಕೊಟ್ಟರು. ಅದಕ್ಕೆ, ಹಟ ಹಿಡಿದವರೇ ಗಟ್ಟಿ ಅನ್ನುವ ಮಾತು ನನಗೆ ಆಗುವುದಿಲ್ಲ.

ಆರು ವರ್ಷದ ಬಿಇ: ಮೇಡಂ, ಬಿಟ್ಟವರನ್ನು ನಾನು ಏನೂ ಅಂದಿಲ್ಲ.

ಗಣಿತದ ಟೀಚರ್: ‘ಮನಸ್ಸು ಬರಲಿ ಅಂತ ಕಾಯಲಿಲ್ಲ’ ಅಂದಿರಲ್ಲ. ಕಾದವರೆಲ್ಲ ಸೋಮಾರಿಗಳಾ? ನನಗೆ ಆ ವರ್ಷ ನಿದ್ದೆಯೇ ಇರಲಿಲ್ಲ ಸರ್.

ಡಿಪ್ಲೊಮಾ ಮುಗಿಸಿದವನು: ನನ್ನದು ಲ್ಯಾಟರಲ್ ಎಂಟ್ರಿ, ನೇರ ಮೂರನೇ ಸೆಮ್. ಎಲ್ಲರಿಗೂ ಇರುವ ಎಂ-3 (ಮೂರನೇ ಸೆಮ್ ಗಣಿತ) ಜೊತೆಗೆ ನಮಗೆ ಡಿಪ್ಲೊಮಾ ಗಣಿತ ಅಂತ ಇನ್ನೊಂದು ಪೇಪರ್. ಫೂರಿಯರ್ ಸರಣಿ ನೋಡಿದ ಮೊದಲ ದಿನ ಇಂಟಿಗ್ರೇಷನ್ನೇ ಮರೆತುಹೋಗಿತ್ತು. ಟ್ಯೂಷನ್‌ಗೆ 6,000 ಕೊಟ್ಟೆ, ಅವರು ಮೂರು ಮಾಡ್ಯೂಲ್ ಮಾಡಿ ನಿಲ್ಲಿಸಿದರು. ಆದರೆ ಮಷಿನ್ ಡ್ರಾಯಿಂಗ್‌ಗೆ ಪಿಯುಸಿಯವರೆಲ್ಲ ನಮ್ಮ ಟೇಬಲ್ ಹತ್ತಿರವೇ ಬರುತ್ತಿದ್ದರು.

ಆರು ವರ್ಷದ ಬಿಇ: ಎಲ್ಲರೂ ಅನ್ನಬೇಡಿ. ನಾನು ಯಾರ ಟೇಬಲ್‌ಗೂ ಹೋಗಿಲ್ಲ.

ಡಿಪ್ಲೊಮಾ ಮುಗಿಸಿದವನು: ನಿಮ್ಮ ಬ್ಯಾಚ್ ವಿಷಯ ನನಗೆ ಗೊತ್ತಿಲ್ಲ ಅಣ್ಣ, ನಮ್ಮ ಕ್ಲಾಸಿನದು ಹೇಳಿದೆ. ‘ಡಿಪ್ಲೊಮಾದವರಿಗೆ ಲೆಕ್ಕ ಬರಲ್ಲ’ ಅಂತ ಮೂರು ವರ್ಷ ಕೇಳಿಸಿಕೊಂಡಿದ್ದೇನೆ. ಅದೂ ನೋವೇ ಅಲ್ವಾ?

ಹಳ್ಳಿ ಶಾಲೆಯವಳು: ಇದೆಲ್ಲ ಬಿಡಿ. ಆ ಹುಡುಗಿ ಕನ್ನಡ ಮಾಧ್ಯಮ ಅಂದಿದ್ದಾಳೆ. ತಂಗಿ, ಎಐಸಿಟಿಇ (ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು) ಮೊದಲ ವರ್ಷದ ಪುಸ್ತಕಗಳನ್ನು ಕನ್ನಡಕ್ಕೆ ತಂದಿದೆ, ಅವರ ಇ-ಕುಂಭ್ ಜಾಲತಾಣದಲ್ಲಿ ದುಡ್ಡಿಲ್ಲದೆ ಸಿಗುತ್ತವೆ. ನಾನು ಓದುವಾಗ ಅದು ಇರಲಿಲ್ಲ. ಎಲೆಕ್ಟ್ರಿಕಲ್ ಪುಸ್ತಕದ ಅಂಚಿನಲ್ಲಿ ಪೆನ್ಸಿಲ್‌ನಿಂದ ಕನ್ನಡದಲ್ಲಿ ಅರ್ಥ ಬರೆದುಕೊಳ್ಳುತ್ತಿದ್ದೆ. ಕಿರ್ಚಾಫ್ ನಿಯಮದ ಪಕ್ಕ ‘ಸೇರುವ ಜಾಗಕ್ಕೆ ಬಂದಷ್ಟೇ ಕರೆಂಟು ಹೊರಗೆ ಹೋಗುತ್ತೆ’ ಅಂತ. ಅವತ್ತಿನಿಂದ ಆ ಪೇಪರಿನ ಹೆದರಿಕೆ ಹೋಯಿತು.

ಡಿಪ್ಲೊಮಾ ಮುಗಿಸಿದವನು: ನಾನು ಬರೆದ ಒಂದು ಪ್ರಶ್ನೆ ಪತ್ರಿಕೆಯೂ ಕನ್ನಡದಲ್ಲಿ ಇರಲಿಲ್ಲ. ಕನ್ನಡದಲ್ಲಿ ಓದಿ ಇಂಗ್ಲಿಷಿನಲ್ಲಿ ಬರೆಯೋದು ಎರಡೆರಡು ಕೆಲಸ.

ಹಳ್ಳಿ ಶಾಲೆಯವಳು: ಅರ್ಥವಾಗದ್ದನ್ನು ಬಾಯಿಪಾಠ ಮಾಡಿ ಎರಡು ಸಲ ಬಿದ್ದವಳು ನಾನು. ಅದು ಎಷ್ಟು ಕೆಲಸ ಅಂತ ನಿಮಗೆ ಗೊತ್ತಾ?

ಸಿವಿಲ್ ಹುಡುಗಿ: ಅಕ್ಕ, ಆ ಪುಸ್ತಕ ಇನ್ನೂ ನಿಮ್ಮ ಹತ್ತಿರ ಇದೆಯಾ? ಅಂಚಿನಲ್ಲಿ ಬರೆದ ಪುಟಗಳ ಫೋಟೊ ಹಾಕ್ತೀರಾ?

ಹಳ್ಳಿ ಶಾಲೆಯವಳು: ಊರಲ್ಲಿ ಅಟ್ಟದ ಮೇಲಿದೆ. ಭಾನುವಾರ ಹೋಗುತ್ತೇನೆ, ತೆಗೆದು ಹಾಕುತ್ತೇನೆ.