ಅಪ್‌ಡೇಟ್: ಆಲೆಮನೆ ಪೇಜಿಗೆ ಡಿವ್ ಒಂದೇ ಸಾಕಾ?

ಮಂಡ್ಯದ ನಮ್ಮ ಮಾವನ ಆಲೆಮನೆಗೆ ವೆಬ್ ಪೇಜ್ ಮಾಡುತ್ತಿದ್ದೇನೆ, ಎಲ್ಲವನ್ನೂ ಡಿವ್ (ವೆಬ್ ಪೇಜ್ ಬರೆಯುವ ಎಚ್‌ಟಿಎಂಎಲ್‌ನಲ್ಲಿ, ಒಳಗೇನಿದೆ ಅಂತ ಹೇಳದ ಬರೀ ಡಬ್ಬಿಯಂಥ ಟ್ಯಾಗ್) ಒಳಗೇ ಹಾಕಿದರೆ ಸಾಕಾ ಅಂತ ಕೇಳಿದ್ದೆ. ಒಂದೊಂದು ಭಾಗಕ್ಕೂ ಅದೇನು ಅಂತ ಹೇಳುವ ಟ್ಯಾಗ್ ಹಾಕಿ ಅಂತ ನೀವು ಹೇಳಿದ ಹಾಗೇ ಬದಲಾಯಿಸಿದೆ, ತುಂಬಾ ಥ್ಯಾಂಕ್ಸ್. ಹೆಸರು ಹೆಡರ್‌ನಲ್ಲಿ, ಮೆನು ನ್ಯಾವ್‌ನಲ್ಲಿ, ಮುಖ್ಯ ವಿಷಯವೆಲ್ಲ ಮೇನ್‌ನಲ್ಲಿ. ಅಚ್ಚು ಬೆಲ್ಲ, ಉಂಡೆ ಬೆಲ್ಲ, ಪುಡಿ ಬೆಲ್ಲಕ್ಕೆ ಯುಎಲ್, ಅಂದರೆ ಕ್ರಮ ಮುಖ್ಯವಲ್ಲದ ಪಟ್ಟಿ. ಆದರೆ ಕಬ್ಬು ಅರೆದು, ಅದರ ಹಾಲು ಕಾಯಿಸಿ, ಅಚ್ಚಿಗೆ ಸುರಿಯುವುದಕ್ಕೆ ಓಎಲ್ (ಕ್ರಮಸಂಖ್ಯೆ ಇರುವ ಪಟ್ಟಿ) ಹಾಕಿದೆ, ಅಲ್ಲಿ ಒಂದಾದ ಮೇಲೆ ಒಂದು ಅನ್ನೋದು ಮುಖ್ಯ ಅಲ್ವಾ. ಸುಮ್ನೆ ಅಕ್ಷರ ದಪ್ಪ ಕಾಣಲಿ ಅಂತ ಎಚ್1 (ಪೇಜಿನ ಮುಖ್ಯ ಹೆಡಿಂಗಿನ ಟ್ಯಾಗ್) ಹಾಕಬೇಡಿ ಅಂದಿದ್ದಿರಲ್ಲ, ಆ ಮಾತೇ ಜಾಸ್ತಿ ಉಪಯೋಗಕ್ಕೆ ಬಂತು: ಕಣ್ಣು ಕಾಣದ ನನ್ನ ಗೆಳೆಯ ಪರದೆಯಲ್ಲಿರುವುದನ್ನು ಓದಿ ಹೇಳುವ ಸ್ಕ್ರೀನ್ ರೀಡರ್‌ನಲ್ಲಿ ಎಚ್ ಕೀ ಒತ್ತುತ್ತಾ, ಒಂದು ಹೆಡಿಂಗಿನಿಂದ ಇನ್ನೊಂದಕ್ಕೆ ಹಾರಿ ಸೀದಾ ಬೆಲೆಗೆ ಹೋದ. ಪೇಜಿನ ಭಾಷೆ ಯಾವುದು ಅಂತ ಹೇಳುವ ಲ್ಯಾಂಗ್ ಅಂತ ಇರುವ ಕಡೆ ಕನ್ನಡದ ಗುರುತಾದ ಕೆಎನ್ ಕೊಟ್ಟ ಮೇಲೆ ಅದು ಕನ್ನಡ ದನಿಯಲ್ಲೇ ಓದಿತು. ಕೊಪ್ಪರಿಗೆ ಫೋಟೊಗೆ ಆಲ್ಟ್ (ಫೋಟೊದಲ್ಲಿ ಏನಿದೆ ಅಂತ ಹೇಳುವ ಮಾತು) ಬರೆಯುವುದು ಬಾಕಿ ಇದೆ, ರಾತ್ರಿ ಮುಗಿಸುತ್ತೇನೆ.